ಡಿಸ್ಚಾರ್ಜ್ ದಿನ ಮನೆಯವರಿಗೂ ಹೇಳಿ

ಮಾನ್ಯ ಸಂಪಾದಕರೇ,

30 ದಾಟಿದ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸ್ತನ ಕ್ಯಾನ್ಸರ್ ತಪಾಸಣೆ ಮಾಡುತ್ತಾರೆ. ಬಹಳ ಒಳ್ಳೆಯದು. ಆದರೆ ಆಪರೇಷನ್ ಮುಗಿಸಿ ಮನೆಗೆ ಬಂದವಳ ಪಾಡನ್ನು ಕೇಳುವವರು ಕಡಿಮೆ.

ಅಂಗನವಾಡಿ ಕೆಲಸದಿಂದ ನಿವೃತ್ತಿಯಾದ ಮೇಲೆ ನನ್ನ ಬಲಸ್ತನ ತೆಗೆದರು, ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ. ಹಾಗೆ ತೆಗೆದಾಗ ತೋಳಿನಲ್ಲಿ ನೀರು ನಿಂತು ಕೈ ಬಾತುಕೊಳ್ಳಬಹುದು. ಕೆಲವರಿಗೆ ವರ್ಷಗಳಾದ ಮೇಲೂ ಬರುತ್ತದೆ. ಇದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ಬೇಗ ಗೊತ್ತಾದರೆ ವ್ಯಾಯಾಮ ಮತ್ತು ತೋಳುಚೀಲದಿಂದ, ಅಂದರೆ ತೋಳಿಗೆ ಕಾಲುಚೀಲದ ಹಾಗೆ ಹಾಕಿಕೊಳ್ಳುವ ಬಿಗಿಯಾದ ಬಟ್ಟೆಯಿಂದ, ಹತೋಟಿಯಲ್ಲಿಡಬಹುದು. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಬಳೆ ಏರದಂತಾಯಿತು. ಮುಂಗೈ ಒತ್ತಿದರೆ ಕುಳಿ ಬೀಳುತ್ತಿತ್ತು.

ನಮ್ಮ ಬ್ಯಾಡಗಿ ಕಡೆ ಹೆಂಗಸಿನ ಕೈಗೆ ಬಿಡುವೆಲ್ಲಿ? ರೊಟ್ಟಿ ಬಡಿಯಬೇಕು, ಕೊಡ ಹೊರಬೇಕು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೂ ಹೋಗಬೇಕು. ಬಾತ ಕೈಗೆ ಸಣ್ಣ ಗಾಯವಾದರೂ ಸೋಂಕು ಬೇಗ ತಗಲುತ್ತದೆ. ಹಾಗಂತ ಕೈ ಆಡಿಸದೆ ಕೂರುವುದೂ ಸರಿಯಲ್ಲ. ದಿಢೀರ್ ಭಾರ ಎತ್ತಬಾರದು, ಅಷ್ಟೇ. "ಹೊಲಿಗೆ ಬಿಚ್ಚಿ ಎಷ್ಟು ದಿನ ಆಯ್ತು, ಇನ್ನೂ ನೀರು ತರೋಕಾಗಲ್ವಾ?" ಎನ್ನುವ ಅತ್ತೆ ಕೆಟ್ಟವರಲ್ಲ. ಅವರಿಗೆ ಯಾರೂ ಹೇಳಿಲ್ಲ.

ನಮ್ಮ ಯಜಮಾನರನ್ನು ಫಿಸಿಯೋಥೆರಪಿಯವರೊಬ್ಬರು ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಅಂದಿನಿಂದ ಹಿಟ್ಟು ನಾದುವುದು ಅವರೇ. ಮೊದಮೊದಲು ರೊಟ್ಟಿಯ ಅಂಚು ಸೀಳುತ್ತಿತ್ತು. ನೀರು ಚೆನ್ನಾಗಿ ಕುದಿಸಿ ಹಿಟ್ಟಿಗೆ ಹಾಕುವುದನ್ನು ಕಲಿತ ಮೇಲೆ ದುಂಡಗೆ ಬರತೊಡಗಿತು. ಬೆಳಿಗ್ಗೆ ಸೊಸೆ ತೋಳುಚೀಲ ಏರಿಸಿಕೊಡುತ್ತಾಳೆ. ಜೀವನವಿಡೀ ಬಡಿಸಿದವಳಿಗೆ ಕೂತು ಉಣ್ಣುವುದು ಸುಲಭವಲ್ಲ. ನನಗೂ ರೂಢಿಯಾಗಲು ಸಮಯ ಬೇಕಾಯಿತು.

ಈಗ ಶಕ್ತಿ ಯೋಜನೆಯ ಬಸ್ಸಿನಲ್ಲಿ ಸುತ್ತಲ ಹಳ್ಳಿಗಳಿಗೆ ಹೋಗುತ್ತೇನೆ. ಆಪರೇಷನ್ ಆದವರಿಗೆ ಗೋಡೆ ಮೇಲೆ ಬೆರಳನ್ನು ಮೆಲ್ಲಗೆ ಏರಿಸುವ ವ್ಯಾಯಾಮ ತೋರಿಸುತ್ತೇನೆ. ಟೈಲರ್ ಟೇಪಿನಿಂದ ಎರಡೂ ತೋಳು ಅಳೆದು ಬರೆದಿಡಲು ಹೇಳುತ್ತೇನೆ. ವ್ಯತ್ಯಾಸ ಜಾಸ್ತಿಯಾಗುತ್ತಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಮನೆಯ ಗಂಡಸರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೇ ಮಾತು ಶುರು ಮಾಡುತ್ತೇನೆ.

ಆದರೆ ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ ಅಲ್ವಾ? ಡಿಸ್ಚಾರ್ಜ್ ದಿನ ಗಂಡ, ಮಗ, ಸೊಸೆ ಯಾರೇ ಬಂದಿರಲಿ, ಹತ್ತು ನಿಮಿಷ ಅವರಿಗೂ ತಿಳಿಸಿ ಹೇಳಲಿ. ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಲಿ. ತೋಳುಚೀಲ ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಸಿಗುವಂತೆ ಆರೋಗ್ಯ ಇಲಾಖೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಬ್ಯಾಡಗಿ