ಕರಾವಳಿ ತೋರಿಸಲು ಊರು ಬಲ್ಲ ಮಾರ್ಗದರ್ಶಿಗಳು ಬೇಕು

ಮಾನ್ಯ ಸಂಪಾದಕರೇ,

ಕಳೆದ ನವೆಂಬರ್‌ನಲ್ಲಿ ಧಾರವಾಡದ ನಮ್ಮ ಬೀಗರನ್ನು ಕರೆದುಕೊಂಡು ಉತ್ತರ ಕನ್ನಡದ ಕರಾವಳಿಯನ್ನು ಒಂದು ದಿನ ಸುತ್ತಿ ಬಂದೆವು. ನಾನು ಹುಟ್ಟಿ ಬೆಳೆದದ್ದು ಕುಮಟಾ ತಾಲ್ಲೂಕಿನಲ್ಲಿಯೇ ಆದರೂ ಮೂವತ್ತು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ನೆಲೆಸಿದ್ದೇನೆ. ಮೊಣಕಾಲು ನೋವಿನ ದೆಸೆಯಿಂದ ಈಗ ಕಾರು ಓಡಿಸುವುದನ್ನೂ ಬಿಟ್ಟಿದ್ದೇನೆ. ಆದ್ದರಿಂದ ನಮ್ಮ ಆರು ಜನರಿಗೆಂದೇ ಒಂದು ಕಾರನ್ನೂ ಜೊತೆಗೆ ‘ಇತಿಹಾಸ ಬಲ್ಲ ಮಾರ್ಗದರ್ಶಿ’ಯನ್ನೂ ಒದಗಿಸುವುದಾಗಿ ಹೇಳಿದವರಿಗೆ ಒಂಬತ್ತೂವರೆ ಸಾವಿರ ರೂಪಾಯಿ ಮುಂಚಿತವಾಗಿ ಕೊಟ್ಟು ಗೊತ್ತು ಮಾಡಿಕೊಂಡಿದ್ದೆವು. ಭಟ್ಕಳದಿಂದ ಗೋಕರ್ಣದವರೆಗಿನ, ನೂರು ಕಿಲೋಮೀಟರ್‌ಗೂ ಕಡಿಮೆಯಾದ ದಾರಿಯಲ್ಲಿ ಒಂಬತ್ತು ಸ್ಥಳಗಳ ಪಟ್ಟಿಯನ್ನು ಅವರು ಕಳುಹಿಸಿದ್ದರು. ಬೆಳಿಗ್ಗೆ ಏಳಕ್ಕೆ ಮುರುಡೇಶ್ವರದ ವಸತಿಗೃಹದ ಮುಂದೆ ಕಾರು ಬಂತು. ಅದರಿಂದ ಇಳಿದವರು ಚಾಲಕರೊಬ್ಬರೇ. ಮಾರ್ಗದರ್ಶಿಯೂ ತಾನೇ ಎಂದರು.

ಪಟ್ಟಿಯಲ್ಲಿ ಮೊದಲ ಹೆಸರಾಗಿದ್ದ ಭಟ್ಕಳವನ್ನು ‘ಅದು ಹಿಂದಕ್ಕೆ ಆಗುತ್ತದೆ, ಸರ್’ ಎಂಬ ಒಂದೇ ಮಾತಿನಲ್ಲಿ ಕೈಬಿಡಲಾಯಿತು. ಮೂಡಭಟ್ಕಳದ ಕೇತಪೈ ನಾರಾಯಣ ದೇವಾಲಯವನ್ನೂ ಪೇಟೆಯ ಚಂದ್ರನಾಥೇಶ್ವರ ಬಸದಿಯನ್ನೂ ಬೀಗರಿಗೆ ತೋರಿಸಬೇಕೆಂಬುದೇ ನನ್ನ ಮುಖ್ಯ ಆಸೆಯಾಗಿತ್ತು. ಧಾರವಾಡದ ಕಡೆಯ ಚಾಲುಕ್ಯ ಗುಡಿಗಳನ್ನು ಕಂಡವರಿಗೆ, ಕರಾವಳಿಯ ಮಳೆಗೆ ಹೆದರಿ ಕಲ್ಲಿನ ಚಪ್ಪಡಿಗಳನ್ನೇ ಹೆಂಚಿನಂತೆ ಇಳಿಜಾರಾಗಿ ಹೊದಿಸಿದ ಮಾಡು, ಮರಗೆಲಸದ ರೀತಿಯಲ್ಲೇ ಕಲ್ಲಿನಲ್ಲಿ ಕಡೆದ ಜಾಲರಿಯ ಗೋಡೆ ಹೊಸ ನೋಟ. ಅದು ತಪ್ಪಿತು. ಬದಲಿಗೆ ಮುರುಡೇಶ್ವರದಲ್ಲಿಯೇ, ಇಪ್ಪತ್ತು ಅಂತಸ್ತಿನ ರಾಜಗೋಪುರದ ಲಿಫ್ಟಿಗಾಗಿ ಸಾಲಿನಲ್ಲಿ ನಿಂತು, ಎರಡೂವರೆ ಗಂಟೆ ಕಳೆದೆವು. ಗೋಪುರದ ಮೇಲಿನಿಂದ ಕಾಣುವ ಕಡಲನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದನ್ನು ನೋಡಲು ಮಾರ್ಗದರ್ಶಿಯ ಅಗತ್ಯವಿರಲಿಲ್ಲ.

ಮಾರ್ಗದರ್ಶಿಯ ಅಗತ್ಯ ನಿಜವಾಗಿ ಬಿದ್ದದ್ದು ಮಿರ್ಜಾನ ಕೋಟೆಯಲ್ಲಿ. ಅಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಮಳೆಗಾಲ ಕಳೆದು ಬಹಳ ದಿನವಾಗಿರದ ಕಾರಣ ಚೀರೆಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆಗಳ ಮೇಲೆ ಪಾಚಿ ಇನ್ನೂ ಹಸಿರಾಗಿತ್ತು. ಕಲ್ಲಿನ ತೂತುಗಳಲ್ಲಿ ಬೆರಳಿಟ್ಟರೆ ತಂಪು ಹತ್ತುತ್ತಿತ್ತು. ಬಾವಿಯೊಂದರ ಬಳಿ ನಿಂತ ಬೀಗರು, ‘ಸಮುದ್ರ ಇಲ್ಲಿಗೆ ಕಾಣುವುದೇ ಇಲ್ಲವಲ್ಲ, ಇಷ್ಟು ದೊಡ್ಡ ಕೋಟೆಯನ್ನು ಇಲ್ಲಿ ಏಕೆ ಕಟ್ಟಿದರು?’ ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಉತ್ತರವಾಗಿ ಬಂದದ್ದು ಇದು: ಕೋಟೆಯನ್ನು ಟಿಪ್ಪು ಸುಲ್ತಾನ ಕಟ್ಟಿಸಿದ, ಇಲ್ಲಿಂದ ಗೋಕರ್ಣಕ್ಕೆ ಸುರಂಗವಿದೆ.

ಕೋಟೆಯ ಮೂಲದ ಬಗ್ಗೆ ಒಂದೇ ಅಭಿಪ್ರಾಯವಿಲ್ಲವೆಂಬುದು ನಿಜ. ಕೆಲವರು ಅದನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಸಲ್ಲಿಸಿದರೆ ಮತ್ತೆ ಕೆಲವರು ಬಿಜಾಪುರದ ಅಧಿಕಾರಿಯೊಬ್ಬರ ಹೆಸರು ಹೇಳುತ್ತಾರೆ. ಯಾವ ಲೆಕ್ಕ ಹಿಡಿದರೂ 1751ರಲ್ಲಿ ಟಿಪ್ಪು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಕೋಟೆ ಅಲ್ಲಿತ್ತು. 1552ರಿಂದ 1606ರವರೆಗೆ ಈ ಸೀಮೆಯನ್ನು ಆಳಿದಳೆನ್ನುವ ಆ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು ಎಂಬ ಒಂದು ಮಾತಿನಲ್ಲಿಯೇ ಬೀಗರ ಪ್ರಶ್ನೆಗೆ ಅರ್ಧ ಉತ್ತರವಿತ್ತು. ಘಟ್ಟದಿಂದ ಇಳಿದ ಮೆಣಸು ಹತ್ತಿರದ ಅಘನಾಶಿನಿ ಹೊಳೆಯ ದಡ ಸೇರುತ್ತಿತ್ತು, ದೋಣಿಗಳು ಭರತದ ನೀರು ಹಿಡಿದು ಒಳಗೆ ಬಂದು ಇಳಿತದೊಂದಿಗೆ ಅಳಿವೆಗೆ ಮರಳುತ್ತಿದ್ದವು. ಹಾಗಾಗಿ ಕಾವಲು ಬೇಕಾಗಿದ್ದುದು ಕಡಲ ತೀರಕ್ಕಿಂತ ಹೆಚ್ಚಾಗಿ ಹೊಳೆಯ ಬಂದರಿಗೆ. ಪುರಾತತ್ವ ಇಲಾಖೆ ಇಲ್ಲಿ ನಡೆಸಿದ ಉತ್ಖನನದಲ್ಲಿ 1652ರ ಪೋರ್ಚುಗೀಸ್ ಚಿನ್ನದ ನಾಣ್ಯವೂ ಚೀನಾದ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಇದನ್ನೆಲ್ಲ ನನಗೆ ತಿಳಿದಷ್ಟು ನಾನೇ ಹೇಳಿದೆ. ಹಾಗೆ ಹೇಳುವುದಕ್ಕೆ ನಾನು ಒಂಬತ್ತೂವರೆ ಸಾವಿರ ಕೊಟ್ಟಂತಾಯಿತು!

ಆ ಚಾಲಕರ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ಜಿಲ್ಲೆಯವರು, ಹಿಂದಿನ ರಾತ್ರಿಯಷ್ಟೇ ಬೆಂಗಳೂರಿನ ಬಾಡಿಗೆ ಮುಗಿಸಿ ಬಂದವರು. ಊಟಕ್ಕೆ ಕುಳಿತಾಗ ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು: ದಿನಕ್ಕೆ ಸಿಗುವುದು ಎಂಟು ನೂರು ರೂಪಾಯಿ ಮತ್ತು ಬಾಟಾ, ಉಳಿದ ಗಳಿಕೆ ಹೋಟೆಲು, ಬೋಟು, ಅಂಗಡಿಗಳವರು ಕೊಡುವ ಕಮಿಷನ್ನಿನಿಂದ. ಆಗ ನಮ್ಮ ದಿನದ ಲೆಕ್ಕ ನನಗೆ ಸ್ಪಷ್ಟವಾಯಿತು. ಕೋಟೆಯೊಳಗೆ ಅಂಗಡಿಯೂ ಇಲ್ಲ, ಬೋಟೂ ಇಲ್ಲ, ಆದ್ದರಿಂದ ಅದಕ್ಕೆ ಇಪ್ಪತ್ತೈದು ನಿಮಿಷ. ಹೊನ್ನಾವರದಲ್ಲಿ ಬೋಟಿನ ದಕ್ಕೆಯ ಬಳಿ ಒಂದು ಗಂಟೆ ನಿಂತೆವು. ಹದಿನಾಲ್ಕನೆಯ ಶತಮಾನದಲ್ಲಿ ಇದೇ ಊರಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು ಬರೆದಿರುವುದನ್ನು ಹೇಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಅಘನಾಶಿನಿಯ ವಿಷಯದಲ್ಲಿ ಆದ ನಷ್ಟ ಇದಕ್ಕಿಂತ ದೊಡ್ಡದೆಂದು ನನಗೆ ಅನ್ನಿಸುತ್ತದೆ. ಎಲ್ಲಿಯೂ ಅಣೆಕಟ್ಟಿಲ್ಲದೆ ಹರಿಯುವ ಈ ಹೊಳೆಯ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿದೆ. ನೀರು ಇಳಿದಾಗ ಹೆಂಗಸರು ಗಂಡಸರೆನ್ನದೆ ಮೊಣಕಾಲುದ್ದದ ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ದಂಡೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತವನ್ನು ನನ್ನ ಅಜ್ಜಿಯ ಮನೆಯವರೂ ಬೆಳೆಯುತ್ತಿದ್ದರು. ಆ ಅಕ್ಕಿಯ ಗಂಜಿಯ ಕೆಂಪು ಬಣ್ಣ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾವು ಸೇತುವೆ ದಾಟಿದಾಗ ಇಳಿತದ ಹೊತ್ತೇ ಆಗಿತ್ತು, ದೂರದಲ್ಲಿ ಜನ ಬಾಗಿ ನಿಂತದ್ದೂ ಕಾಣುತ್ತಿತ್ತು. ‘ಓಂ ಬೀಚಿನಲ್ಲಿ ಸೂರ್ಯಾಸ್ತ ತಪ್ಪುತ್ತದೆ’ ಎಂದು ಕಾರು ನಿಲ್ಲಲಿಲ್ಲ. ಈ ಕರಾವಳಿಯನ್ನು ತೋರಿಸುವವರು ಗಡಿಯಾರದ ಜೊತೆಗೆ ಭರತ ಇಳಿತಗಳ ವೇಳೆಯನ್ನೂ ತಿಳಿದಿರಬೇಕು. ಹಾಗೆ ತಿಳಿದವರು ತದಡಿಯಲ್ಲಿ, ಮಿರ್ಜಾನದಲ್ಲಿ, ಹೊನ್ನಾವರದ ದಕ್ಕೆಯಲ್ಲಿ ಮನೆಗೊಬ್ಬರಂತೆ ಇದ್ದಾರೆ. ಆದರೆ ಅವರಿಗೆ ಈ ಕೆಲಸ ಸಿಗುತ್ತಿಲ್ಲ.

ಹಂಪಿಯಲ್ಲಿಯೂ ಬೇಲೂರಿನಲ್ಲಿಯೂ ಗುರುತಿನ ಚೀಟಿ ಧರಿಸಿದ ಮಾರ್ಗದರ್ಶಿಗಳು ಸಿಗುತ್ತಾರೆ. ಅವರಲ್ಲಿಯೂ ಕಥೆ ಕಟ್ಟುವವರು ಇಲ್ಲವೆಂದಲ್ಲ, ಆದರೆ ತಪ್ಪು ಹೇಳಿದವರು ಯಾರೆಂದಾದರೂ ಗೊತ್ತಿರುತ್ತದೆ. ಕರಾವಳಿಯ ಖಾಸಗಿ ಪ್ರವಾಸಗಳಲ್ಲಿ ಕಾರಿಗೆ ಪರವಾನಗಿ ಇದೆ, ಚಾಲಕರಿಗೆ ಪರವಾನಗಿ ಇದೆ. ‘ಇತಿಹಾಸ ಬಲ್ಲವರು’ ಎಂದು ಹಣ ಪಡೆಯಲು ಮಾತ್ರ ಯಾವ ಅರ್ಹತೆಯನ್ನೂ ಯಾರೂ ಕೇಳುತ್ತಿಲ್ಲ. ಪ್ರವಾಸೋದ್ಯಮ ಇಲಾಖೆಯು ಭಟ್ಕಳದಿಂದ ಕಾರವಾರದವರೆಗಿನ ತಾಲ್ಲೂಕುಗಳಲ್ಲಿ ಸ್ಥಳೀಯ ಯುವಕ ಯುವತಿಯರನ್ನು ಆರಿಸಿ, ಪುರಾತತ್ವ ಮತ್ತು ಅರಣ್ಯ ಇಲಾಖೆಗಳವರಿಂದ ಪಾಠ ಹೇಳಿಸಿ, ಪರೀಕ್ಷೆ ನಡೆಸಿ ಗುರುತಿನ ಚೀಟಿ ಕೊಡಬೇಕು. ಅರ್ಧ ದಿನಕ್ಕೆ ಎಷ್ಟು, ಪೂರ್ತಿ ದಿನಕ್ಕೆ ಎಷ್ಟು ಎಂಬ ದರಪಟ್ಟಿಯನ್ನು ಕೋಟೆಯ ಬಾಗಿಲಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಹಾಕಿಸಬೇಕು. ಖಾಸಗಿ ಪ್ರವಾಸ ನಡೆಸುವವರು ಮಾರ್ಗದರ್ಶಿಯ ಹೆಸರನ್ನೂ ಪ್ರತಿ ಸ್ಥಳದಲ್ಲಿ ನಿಲ್ಲುವ ಅವಧಿಯನ್ನೂ ಬರಹದಲ್ಲಿ ಕೊಡುವಂತೆ ಕಡ್ಡಾಯ ಮಾಡಬೇಕು. ಒಂಬತ್ತು ಸ್ಥಳಗಳ ಬದಲು ನಾಲ್ಕೇ ಇದ್ದರೂ ನಮ್ಮಂಥವರು ಅಷ್ಟೇ ಹಣ ಕೊಡುತ್ತೇವೆ.

ಬರುವವರಿಗೆ ಬೀಚು, ಫೋಟೊ ಇಷ್ಟು ಸಾಕು, ಹೊಳೆಯ ಕಥೆ ಕೇಳುವವರು ಯಾರು ಎಂದು ಕೆಲವರು ಕೇಳಬಹುದು. ಫೋಟೊಕ್ಕೆಂದೇ ಬೇಲೂರಿಗೆ ಹೋದವರೂ ಶಿಲಾಬಾಲಿಕೆಯ ಕೆಳಗೆ ನಿಂತು ಮಾರ್ಗದರ್ಶಿಯ ಮಾತಿಗೆ ಕತ್ತೆತ್ತಿ ನೋಡುವುದನ್ನು ನಾನು ಕಂಡಿದ್ದೇನೆ. ಹೇಳುವವರು ಇಲ್ಲದೆಡೆ ಕೇಳುವವರ ಸಂಖ್ಯೆಯನ್ನು ಅಳೆಯುವುದು ಹೇಗೆ?

ಇದಕ್ಕೆ ಸಮಯವಿಲ್ಲ ಎನ್ನುವಂತಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ಕಡಲು ಕೆರಳಿ ಪ್ರವಾಸಿ ಬೋಟುಗಳು ದಡ ಸೇರುತ್ತವೆ, ಬಾಡಿಗೆ ಕಾರುಗಳಿಗೂ ಗಿರಾಕಿ ಕಡಿಮೆಯಾಗುತ್ತದೆ, ಈ ಕೆಲಸಕ್ಕೆ ಒದಗಬಲ್ಲ ಹುಡುಗರು ಮನೆಯಲ್ಲಿಯೇ ಇರುತ್ತಾರೆ. ಜಿಲ್ಲಾಡಳಿತವು ಈಗಲೇ ಅರ್ಜಿ ಕರೆದರೆ ಆ ನಾಲ್ಕು ತಿಂಗಳಲ್ಲಿ ತರಬೇತಿ ಮುಗಿಸಿ, ಅಕ್ಟೋಬರ್‌ನಲ್ಲಿ ಪ್ರವಾಸಿಗರು ಬರತೊಡಗುವ ಹೊತ್ತಿಗೆ ಮೊದಲ ತಂಡವನ್ನು ಮಿರ್ಜಾನ ಕೋಟೆಯ ಬಾಗಿಲಲ್ಲಿ ನಿಲ್ಲಿಸಬಹುದು.

ಇತಿ,
ಕುಮಟಾ ಮೂಲದ ಓದುಗ, ಹುಬ್ಬಳ್ಳಿ