ಸಾವಿನ ಸುದ್ದಿ ತಿಳಿದ ಮೇಲೆ ಸೂಪರ್‌ಮ್ಯಾನ್ ಮಾಡಿದ ಕೆಲಸಗಳು

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. “ಗುಂಡು ತಾಗಲ್ಲ, ಬೆಂಕಿ ಸುಡಲ್ಲ, ಆಕಾಶದಿಂದ ಬಿದ್ರೂ ಏನೂ ಆಗಲ್ಲ. ಏನೂ ಆಗದೇ ಇರೋನ ಕಥೇಲಿ ಕಥೆ ಎಲ್ಲಿರುತ್ತೋ?” ಅಂದೆ. ನಾನು ಬಸ್ಸಿನ ಗದ್ದಲದಲ್ಲಿದ್ದೆ, ಉತ್ತರ ಕೊಡಲಾಗಲಿಲ್ಲ. ಈಗ ಊಟ ಮುಗಿಸಿ ಕೂತು ಬರೆಯುತ್ತಿದ್ದೇನೆ. ಪುಸ್ತಕವನ್ನು ನಾಳೆ ಅಂಚೆಗೆ ಹಾಕುತ್ತೇನೆ.

‘ಆಲ್-ಸ್ಟಾರ್ ಸೂಪರ್‌ಮ್ಯಾನ್’ ಅಂತ ಅದರ ಹೆಸರು, ಕಾಮಿಕ್ಸ್ ಪುಸ್ತಕ. ಬರೆದವರು ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್. ಚಿತ್ರ ಫ್ರಾಂಕ್ ಕ್ವೈಟ್ಲಿ ಅವರದು, ಬಣ್ಣ ಜೇಮೀ ಗ್ರಾಂಟ್ ಅವರದು. 2005ರ ಕೊನೆಯಲ್ಲಿ ಶುರುವಾಗಿ 2008ರಲ್ಲಿ ಮುಗಿದ 12 ಸಂಚಿಕೆಗಳು. ಆಮೇಲೆ ಎರಡು ಸಂಪುಟವಾಗಿ, ಮುಂದೆ ಒಂದೇ ಸಂಪುಟವಾಗಿ ಬಂದವು. ನಿನಗೆ ಕಳಿಸುತ್ತಿರುವುದು ಆ ಒಂದೇ ಸಂಪುಟ. ಹಿಂದಿನ ಕಥೆ ಏನೂ ಗೊತ್ತಿರಬೇಕಾಗಿಲ್ಲ. ಕ್ರಿಪ್ಟಾನ್ ಗ್ರಹ ಸಿಡಿಯುವುದು, ಮಗುವನ್ನು ರಾಕೆಟ್ಟಿನಲ್ಲಿ ಕಳಿಸುವುದು, ರೈತ ದಂಪತಿಗೆ ಆ ಮಗು ಸಿಗುವುದು, ಇಷ್ಟನ್ನೂ ಮೊದಲ ಪುಟದಲ್ಲಿ ನಾಲ್ಕು ಚೌಕ, ಎಂಟು ಪದಗಳಲ್ಲಿ ಹೇಳಿ ಮುಗಿಸಿದ್ದಾರೆ. ಪುಟ ತಿರುಗಿಸಿದರೆ ಸೂಪರ್‌ಮ್ಯಾನ್ ಸೂರ್ಯನ ಹತ್ತಿರ ಹಾರುತ್ತಿರುತ್ತಾನೆ.

ನೀನು ಕೇಳಿದ ಪ್ರಶ್ನೆ ಹಳೆಯದು ಕಣೋ. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರ ಸೂಪರ್‌ಮ್ಯಾನ್ ಮೊದಲ ಸಲ ಅಚ್ಚಾದ. ಆಮೇಲೆ ಅವನನ್ನು ಕೈಗೆತ್ತಿಕೊಂಡವರೆಲ್ಲ ಈ ಪ್ರಶ್ನೆಗೆ ತಡವರಿಸಿದ್ದಾರೆ. 1986ರಲ್ಲಿ ಜಾನ್ ಬರ್ನ್ ಅವನ ಬಲವನ್ನೇ ಇಳಿಸಿದರು. 1992ರಲ್ಲಿ ಬೇರೆಯವರು ಅವನನ್ನು ಒಂದು ರಾಕ್ಷಸನ ಜೊತೆ ಹೊಡೆದಾಡಿಸಿ ಕೊಂದರು, ಮರುವರ್ಷ ಎಬ್ಬಿಸಿ ಕೂರಿಸಿದರು. ಮಾರಿಸನ್ ಬಲ ಇಳಿಸಲಿಲ್ಲ, ಮೂರು ಪಟ್ಟು ಏರಿಸಿದರು. ಸೂರ್ಯನ ಬೆಳಕೇ ಅವನ ಶಕ್ತಿ ಅಲ್ಲವೇ? ವಿಜ್ಞಾನಿಗಳ ನೌಕೆಯೊಂದನ್ನು ಉಳಿಸಲು ಹೋಗಿ ಸೂರ್ಯನಿಗೆ ತೀರಾ ಹತ್ತಿರವಾಗುತ್ತಾನೆ. ಅವನ ಜೀವಕೋಶಗಳು ತಡೆಯಲಾರದಷ್ಟು ಬೆಳಕು ಕುಡಿದುಬಿಡುತ್ತವೆ. ಬಲ ಏರಿದೆ, ಆದರೆ ಒಂದೊಂದೇ ಕೋಶ ಒಡೆಯುತ್ತಿದೆ. ಅವನನ್ನು ಬದುಕಿಸುವ ಬೆಳಕೇ ಕೊಲ್ಲುತ್ತಿದೆ, ಮದ್ದಿಲ್ಲ. ಇಷ್ಟೆಲ್ಲ ಮೊದಲ ಸಂಚಿಕೆಯಲ್ಲೇ.

ನನಗೆ ತಟ್ಟನೆ ಪರೀಕ್ಷಿತ ನೆನಪಾದ. ಏಳು ದಿನದಲ್ಲಿ ಸಾವು ಅಂತ ಗೊತ್ತಾದಾಗ ಅವನು ರಾಜ್ಯ ಬಿಟ್ಟು ಗಂಗೆಯ ದಡದಲ್ಲಿ ಭಾಗವತ ಕೇಳುತ್ತಾ ಕೂತ. ಈ ಸೂಪರ್‌ಮ್ಯಾನ್ ಕೂರುವುದಿಲ್ಲ. ನಮ್ಮ ಮನೆಯ ಹಿರಿಯರು ದೂರದ ಪ್ರಯಾಣದ ಹಿಂದಿನ ದಿನ ಬೀರುವಿನ ಕೀಲಿ ಯಾರಿಗೆ, ಹಾಲಿನವನಿಗೆ ಎಷ್ಟು ಬಾಕಿ ಅಂತೆಲ್ಲ ಒಂದೊಂದಾಗಿ ಮುಗಿಸುತ್ತಿದ್ದರಲ್ಲ, ಹಾಗೆ ಬಾಕಿ ಕೆಲಸ ಮುಗಿಸುತ್ತಾ ಹೋಗುತ್ತಾನೆ. ತಾನು ಪ್ರೀತಿಸುವ ಲೋಯಿಸ್‌ಗೆ, ನಿನ್ನ ಜೊತೆ ಪತ್ರಿಕೆಯಲ್ಲಿ ಕೆಲಸ ಮಾಡುವ ಕ್ಲಾರ್ಕ್ ಕೆಂಟ್ ನಾನೇ ಅಂತ ಹೇಳುತ್ತಾನೆ. ಅವಳು ನಂಬುವುದಿಲ್ಲ! ಅಷ್ಟು ವರ್ಷ ನಂಬಿಸಿದ್ದಾನೆ, ಈಗ ಹೇಗೆ ನಂಬಿಯಾಳು? ಅವಳ ಹುಟ್ಟುಹಬ್ಬಕ್ಕೆ ಒಂದು ದಿನದ ಮಟ್ಟಿಗೆ ತನ್ನ ಶಕ್ತಿಗಳನ್ನೇ ಉಡುಗೊರೆ ಕೊಡುತ್ತಾನೆ. ಉತ್ತರ ಧ್ರುವದ ಅವನ ಮನೆಯ ಕೀಲಿ ಐದು ಲಕ್ಷ ಟನ್ ತೂಗುತ್ತದೆ. ಅದನ್ನು ಕಾಲೊರಸಿನ ಕೆಳಗೆ ಇಟ್ಟು ಹೋಗುತ್ತಾನೆ. ಯಾರು ಎತ್ತಿಯಾರು?

ಮುಖಪುಟವನ್ನು ಸ್ವಲ್ಪ ಹೊತ್ತು ನೋಡು. ಊರ ಮೇಲಿನ ಮೋಡದ ಮೇಲೆ ಕೂತಿದ್ದಾನೆ. ಎದೆ ಸೆಟೆಸಿ ನಿಂತಿಲ್ಲ, ಮುಷ್ಟಿ ಬಿಗಿದಿಲ್ಲ. ಜಗಲಿಯ ಮೇಲೆ ಕೂತವನು ‘ಯಾರು ಬಂದ್ರು?’ ಅಂತ ಹಿಂತಿರುಗಿ ನೋಡಿದ ಹಾಗೆ ನಮ್ಮ ಕಡೆ ನೋಡುತ್ತಿದ್ದಾನೆ. ಇದರ ಹಿಂದಿನ ಕಥೆಯನ್ನು ಮಾರಿಸನ್ ಅವರೇ ಹೇಳಿದ್ದಾರೆ. ಸ್ಯಾನ್ ಡಿಯಾಗೋದ ಕಾಮಿಕ್ಸ್ ಮೇಳದ ಹೊತ್ತಿನಲ್ಲಿ ಸೂಪರ್‌ಮ್ಯಾನ್ ವೇಷ ತೊಟ್ಟ ಒಬ್ಬ ಸಿಕ್ಕನಂತೆ. ಇವರು ಪ್ರಶ್ನೆ ಕೇಳುತ್ತಾ ಹೋದರು, ಅವನು ಸೂಪರ್‌ಮ್ಯಾನ್ ಆಗಿಯೇ ಉತ್ತರ ಕೊಟ್ಟ. ಅವನು ಒಂದು ಮೊಣಕಾಲು ಮಡಚಿ ಆರಾಮಾಗಿ ಕೂತಿದ್ದ ಭಂಗಿ ಮಾರಿಸನ್ ಅವರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಯಾವುದೂ ನೋಯಿಸಲಾರದವನಿಗೆ ಸೆಟೆದು ನಿಲ್ಲುವ ಅಗತ್ಯವೇ ಇಲ್ಲವಲ್ಲ. ಯಾರಿಗೂ ಹೆದರದವನು ಯಾರ ಮೇಲೂ ಎಗರಾಡುವುದಿಲ್ಲ. ನೀನು ಅವನ ದೋಷ ಅಂದದ್ದನ್ನೇ ಇವರು ಅವನ ಸ್ವಭಾವದ ಬೇರು ಮಾಡಿಕೊಂಡಿದ್ದಾರೆ.

ಹಾಗೆಯೇ ಕ್ವೈಟ್ಲಿ ಅವರ ಕ್ಲಾರ್ಕ್. ಕನ್ನಡಕ ಹಾಕಿದರೆ ಯಾರಿಗೂ ಗುರುತು ಸಿಗುವುದಿಲ್ಲವೇ ಅಂತ ನಾವಿಬ್ಬರೂ ಎಷ್ಟು ಸಲ ನಕ್ಕಿಲ್ಲ? ಇಲ್ಲಿ ಮೈಯೇ ಬೇರೆ ಕಣೋ: ಬಾಗಿದ ಬೆನ್ನು, ಜೋತ ಭುಜ, ಅಳತೆಗೆ ಕೂರದ ಕೋಟು. ದೊಡ್ಡ ದೇಹವನ್ನು ಎಲ್ಲಿಡಬೇಕು ಅಂತ ತಿಳಿಯದ ಹಳ್ಳಿಯ ಹುಡುಗ. ಐದನೆಯ ಸಂಚಿಕೆಯಲ್ಲಿ ಈ ಕ್ಲಾರ್ಕ್ ಜೈಲಿಗೆ ಹೋಗಿ ಸೂಪರ್‌ಮ್ಯಾನ್‌ನ ಬದ್ಧವೈರಿ ಲೆಕ್ಸ್ ಲೂಥರ್‌ನ ಸಂದರ್ಶನ ಮಾಡುತ್ತಾನೆ. ಜೈಲಿನಲ್ಲಿ ದಂಗೆ ಏಳುತ್ತದೆ. ಎಡವಿದ ಹಾಗೆ, ಕೈ ತಪ್ಪಿದ ಹಾಗೆ ಮಾಡುತ್ತಾ ಲೂಥರ್‌ನ ಜೀವವನ್ನು ಮತ್ತೆ ಮತ್ತೆ ಉಳಿಸುತ್ತಾನೆ. ಲೂಥರ್‌ಗೆ ಕೊನೆಯವರೆಗೂ ತಿಳಿಯುವುದಿಲ್ಲ. ಉಳಿಸಿದ್ದನ್ನು ಮುಚ್ಚಿಡುವುದಕ್ಕೇ ಅಷ್ಟು ಶ್ರಮ ಪಡುತ್ತಾನೆ. ಸೂರ್ಯನ ಹತ್ತಿರ ಅವನನ್ನು ಸಾವಿಗೆ ನೂಕುವ ಸಂಚು ಹೂಡಿದವನು ಇದೇ ಲೂಥರ್.

ಇನ್ನು ಆರನೆಯ ಸಂಚಿಕೆ. ಇದರ ಬಗ್ಗೆ ಹೇಳುವ ಮೊದಲು ಎರಡು ಸಲ ಎದ್ದು ನೀರು ಕುಡಿದು ಬಂದೆ.

ಅದು ಹಿಂದಿನ ಕಥೆ. ಕ್ಲಾರ್ಕ್ ಇನ್ನೂ ಹುಡುಗ. ಕ್ಯಾನ್ಸಸ್ಸಿನ ಹೊಲದಲ್ಲಿ ಕೊಯ್ಲಿನ ಕಾಲ, ಅಪ್ಪ ಮೂರು ಜನರನ್ನು ಕೂಲಿಗೆ ಕರೆದಿದ್ದಾನೆ. ಅವರು ಕೂಲಿಯವರಲ್ಲ, ಮುಂದಿನ ಕಾಲಗಳಿಂದ ಬಂದ ಸೂಪರ್‌ಮ್ಯಾನ್‌ಗಳು. ಕಾಲವನ್ನೇ ತಿನ್ನುವ ಒಂದು ಪ್ರಾಣಿಯ ಜೊತೆ ಹೋರಾಡುವಾಗ ಕ್ಲಾರ್ಕ್‌ನ ಬದುಕಿನ ಮೂರು ನಿಮಿಷ ಕಳೆದುಹೋಗುತ್ತವೆ. ಅಪ್ಪನ ಎದೆ ನಿಲ್ಲುವುದು ಆ ಮೂರು ನಿಮಿಷಗಳಲ್ಲಿ. ಎಷ್ಟು ದೂರದಿಂದಲೂ ಅಪ್ಪನ ಎದೆಬಡಿತ ಕೇಳಿಸಿಕೊಳ್ಳಬಲ್ಲ ಹುಡುಗ, ಅದು ಕೇಳಿಸುತ್ತಿಲ್ಲ ಅಂತ ಗೊತ್ತಾದ ಕೂಡಲೇ ಕೂಗುತ್ತಾ ಹಾರುತ್ತಾನೆ. ಜಗತ್ತಿನಲ್ಲೇ ಅವನಷ್ಟು ವೇಗದವನಿಲ್ಲ. ಆದರೂ ತಡವಾಗುತ್ತದೆ.

ನಮ್ಮಪ್ಪ ಹೋದ ದಿನ ನಾನಿದ್ದ ಬಸ್ಸು ಅರಸೀಕೆರೆ ದಾಟಿತ್ತು. ಅಣ್ಣ ಫೋನಿನಲ್ಲಿ “ನಿಧಾನ ಬಾ” ಅಂದ. ಬೆಳಗಿನಿಂದ “ಬೇಗ ಬಾ” ಅನ್ನುತ್ತಿದ್ದವನು ಹಾಗಂದ ಮೇಲೆ ಬೇರೆ ಏನೂ ಹೇಳಬೇಕಾಗಿರಲಿಲ್ಲ. ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಬ್ಯಾಗು ಹಿಡಿದುಕೊಂಡವನು ನೀನೇ, ನಿನಗೆ ಗೊತ್ತಿದೆ. ಅಷ್ಟು ವರ್ಷ ‘ಬೆಳಗಿನ ಬಸ್ಸು ಹಿಡಿದಿದ್ದರೆ’ ಅಂತ ಲೆಕ್ಕ ಹಾಕುತ್ತಲೇ ಇದ್ದೆ. ಈ ಸಂಚಿಕೆ ಓದಿದ ರಾತ್ರಿ ಆ ಲೆಕ್ಕ ಹಾಕಲಿಲ್ಲ.

ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಆ ಮೂವರಲ್ಲಿ ಮುಖಕ್ಕೆಲ್ಲ ಪಟ್ಟಿ ಸುತ್ತಿಕೊಂಡ ಒಬ್ಬನಿದ್ದಾನೆ. ಅವನು ಯಾರೆಂದು ಕೊನೆಯಲ್ಲಿ ಗೊತ್ತಾಗುತ್ತದೆ. ಸಾಯುತ್ತಿರುವ ಇಂದಿನ ಸೂಪರ್‌ಮ್ಯಾನೇ ಅವನು. ಅಪ್ಪನನ್ನು ಉಳಿಸಲು ಬಂದದ್ದಲ್ಲ, ಇನ್ನೊಂದು ಸಲ ಕಣ್ತುಂಬ ನೋಡಿ ಎರಡು ಮಾತಾಡಲು ಬಂದದ್ದು. ಎರಡನೆಯ ಸಲ ಓದುವಾಗ ಅವನು ಅಪ್ಪನ ಪಕ್ಕ ಇರುವ ಚೌಕಗಳನ್ನೇ ನಿಧಾನವಾಗಿ ನೋಡು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಲ್ಲ. ಏಳು, ಎಂಟನೆಯದರಲ್ಲಿ ಎಲ್ಲವೂ ತಲೆಕೆಳಗಾದ ಬಿಝಾರೋಗಳ ಲೋಕ ಬರುತ್ತದೆ. ಅಲ್ಲಿ ಮಾತೂ ಉಲ್ಟಾ, ಸ್ವಲ್ಪ ಎಳೆದಂತೆ ಅನ್ನಿಸಿತು. ಹತ್ತನೆಯದು ಮಾತ್ರ ನನ್ನ ಮಟ್ಟಿಗೆ ಇಡೀ ಪುಸ್ತಕದ ಎದೆ. ಅದೊಂದೇ ಸಂಚಿಕೆಯಲ್ಲಿ ಏನೇನು ಮಾಡುತ್ತಾನೆ ಅಂದರೆ, ತಾನಿಲ್ಲದೆ ಜಗತ್ತು ಹೇಗಿರುತ್ತದೆ ಅಂತ ನೋಡಲು ಪುಟ್ಟದೊಂದು ವಿಶ್ವವನ್ನೇ ಕಟ್ಟುತ್ತಾನೆ. ಅದರಲ್ಲಿ ನಮ್ಮದೇ ಭೂಮಿ, ನಮ್ಮದೇ ಚರಿತ್ರೆ. ಕೊನೆಗೆ ಅಲ್ಲೊಬ್ಬ ಮನುಷ್ಯ ಮೇಜಿಗೆ ಬಾಗಿ ಪೆನ್ಸಿಲಿನಲ್ಲಿ ಸೂಪರ್‌ಮ್ಯಾನ್ ಚಿತ್ರ ಬರೆಯುತ್ತಿರುತ್ತಾನೆ. ಅವನಿಲ್ಲದ ಕಡೆ ಜನ ಅವನನ್ನು ಬರೆದುಕೊಳ್ಳುತ್ತಾರೆ!

ಇವೆಲ್ಲದರ ನಡುವೆ ಒಂದು ಪುಟವಿದೆ. ಎತ್ತರದ ಕಟ್ಟಡದ ಅಂಚಿನಲ್ಲಿ ರೀಗನ್ ಎಂಬ ಹುಡುಗಿ ಒಬ್ಬಳೇ ನಿಂತಿದ್ದಾಳೆ. ಬದುಕು ಬೇಡವಾಗಿದೆ. ಹಿಂದಿನಿಂದ ಒಂದು ಕೈ ಅವಳ ಭುಜದ ಮೇಲೆ ಬರುತ್ತದೆ. ನಿನ್ನ ಡಾಕ್ಟರು ನಿಜವಾಗಿಯೂ ಎಲ್ಲೋ ಸಿಕ್ಕಿಕೊಂಡಿದ್ದರಿಂದಲೇ ತಡವಾಯಿತು ಅನ್ನುತ್ತಾನೆ ಮೊದಲು. ಗಮನಿಸಿದೆಯಾ? ಅವಳು ತನ್ನನ್ನು ಎಲ್ಲರೂ ಕೈಬಿಟ್ಟರು ಅಂದುಕೊಂಡಿದ್ದಾಳೆ ಅಂತ ಅವನಿಗೆ ಗೊತ್ತು. ಉಪದೇಶವಿಲ್ಲ. ನೀನು ಅಂದುಕೊಂಡಿರುವುದಕ್ಕಿಂತ ಗಟ್ಟಿ ಇದ್ದೀಯ, ನನ್ನನ್ನು ನಂಬು ಅಂತಾನೆ. ಅವಳು ತಿರುಗಿ ತಬ್ಬಿಕೊಳ್ಳುತ್ತಾಳೆ. ಇಷ್ಟೇ. ಅವನ ಬಳಿ ಇರುವುದು ಎಣಿಸಿದ ಗಂಟೆಗಳು, ಒಂದು ವಿಶ್ವ ಕಟ್ಟುವ ಕೆಲಸ ಬೇರೆ ಇದೆ, ಆದರೂ ಇವಳಿಗೊಂದು ಇಡೀ ಪುಟ ಸಿಕ್ಕಿದೆ. ‘ಏನೂ ಆಗದವನ ಕಥೆ’ ಅಂದೆಯಲ್ಲ, ಇಲ್ಲಿದೆ ನೋಡು. ಅವನಿಗೆ ಏನಾಗುತ್ತದೆ ಅಂತ ನಾವು ಕಾಯುತ್ತಿದ್ದರೆ, ಅವನು ಅವಳಿಗೆ ಏನಾಗುತ್ತಿದೆ ಅಂತ ನೋಡುತ್ತಿದ್ದಾನೆ.

ಅಮ್ಮನ ಆಪರೇಷನ್ ಆದಮೇಲೆ ನೀನು ಚುಟುಕಾಗಿ ಮಾತಾಡಿ ಫೋನ್ ಇಡುತ್ತಿದ್ದೀಯ. ನಾನೂ ಕೆಲಸದ ನೆಪದಲ್ಲಿ ಸುಮ್ಮನಿದ್ದುಬಿಟ್ಟೆ. ತಡವಾಗಿದ್ದು ನಿಜ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ, ಭಾನುವಾರ ಬೆಳಿಗ್ಗೆ ಆರಕ್ಕೆ ಬಂದಿಳಿಯುತ್ತೇನೆ. ಅಷ್ಟರಲ್ಲಿ ಪುಸ್ತಕ ಕೈಸೇರಿದ್ದರೆ ಹತ್ತನೆಯ ಸಂಚಿಕೆಯವರೆಗೆ ಓದಿರು, ಕೊನೆಯ ಎರಡನ್ನು ನಿಮ್ಮನೆ ಮಹಡಿ ಮೇಲೆ ಕೂತು ಒಟ್ಟಿಗೆ ಓದೋಣ. ನಡುವೆ ಯಾವ ಹೊತ್ತಿನಲ್ಲಾದರೂ ಮಾತಾಡಬೇಕು ಅನ್ನಿಸಿದರೆ ಫೋನ್ ಮಾಡು, ಎದ್ದಿರುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇತಿ,
ನಿನ್ನ ಗೆಳೆಯ