ಗಂಟೆ ಸುಮ್ಮನಾಗುವ ದಿನಗಳು

ಪ್ರಿಯ ಓದುಗರೇ,

ಇಲ್ಲಿ ಮೆಲ್ಬರ್ನಿನಲ್ಲಿ ಯುಗಾದಿ ಊಟದ ತಯಾರಿಗೆ ಸೇರಿದ್ದಾಗ ಗೆಳತಿಯೊಬ್ಬರು ಕೇಳಿದರು: "ನಿಮ್ಮ ಚರ್ಚಲ್ಲಿ ಈಗ ಒಂದು ಹೂವೂ ಇಲ್ವಲ್ಲ, ಯಾಕೆ?" ಅವರು ಅದನ್ನು ಗಮನಿಸಿದ್ದೇ ನನಗೆ ಖುಷಿ. ಅಲ್ಲಿ ಅರ್ಧ ಉತ್ತರ ಕೊಟ್ಟೆ. ಉಳಿದದ್ದು ಇಲ್ಲಿದೆ.

ಕಥೋಲಿಕರಿಗೆ ಇದು ತಪಸ್ಸು ಕಾಲ (ಲೆಂಟ್). ಈ ವರ್ಷ, 2026ರಲ್ಲಿ, ಫೆಬ್ರವರಿ 18ರ ಬೂದಿ ಬುಧವಾರದಿಂದ ಶುರುವಾಯಿತು. ಹಿಂದಿನ ವರ್ಷ ಗರಿಗಳ ಭಾನುವಾರ, ಅಂದರೆ ಈಸ್ಟರಿನ ಹಿಂದಿನ ಭಾನುವಾರ, ಮನೆಗೆ ಒಯ್ದ ತಾಳೆ ಗರಿಗಳನ್ನು ವಾಪಸ್ ತಂದು ಸುಡುತ್ತಾರೆ. ಆ ಬೂದಿಯೇ ನಮ್ಮ ಹಣೆಗೆ. ಅಲ್ಲಿಂದ ಯೇಸು ಸಾವಿನಿಂದ ಎದ್ದ ಪಾಸ್ಖ ಹಬ್ಬದವರೆಗೆ (ಈಸ್ಟರ್), ಭಾನುವಾರಗಳನ್ನು ಬಿಟ್ಟರೆ, 40 ದಿನ.

ಹಬ್ಬ ಅಂದರೆ ತೋರಣ ಕಟ್ಟುತ್ತೇವೆ, ದೀಪ ಹಚ್ಚುತ್ತೇವೆ, ಹೋಳಿಗೆ ಮಾಡುತ್ತೇವೆ. ಈ ಕಾಲದಲ್ಲಿ ಮಾತ್ರ ಒಂದೊಂದಾಗಿ ತೆಗೆಯುತ್ತಾ ಹೋಗುತ್ತೇವೆ. ಚರ್ಚಿನ ಪೂಜಾಪೀಠದ ಹೂವು ಹೋಗುತ್ತದೆ. 'ಅಲ್ಲೆಲೂಯ' (ದೇವರಿಗೆ ಸ್ತುತಿ) ಎಂಬ ಪದವನ್ನೇ ಹಾಡುವುದಿಲ್ಲ. ದೇವರನ್ನು ಕೊಂಡಾಡುವ ಮಹಿಮಾ ಗೀತೆಯೂ ಇಲ್ಲ. (ಊರಲ್ಲಿ ಈ ವರ್ಷ ಯುಗಾದಿ ಬೀಳುವ ಮಾರ್ಚ್ 19 ಸಂತ ಜೋಸೆಫರ ಹಬ್ಬ. ಅವತ್ತು ಮಹಿಮಾ ಗೀತೆ ಇರುತ್ತದೆ!) ಕೊನೆಯ ಎರಡು ವಾರ ಎಷ್ಟೋ ಚರ್ಚುಗಳಲ್ಲಿ ಶಿಲುಬೆ, ಸಂತರ ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚುತ್ತಾರೆ.

ಪವಿತ್ರ ಗುರುವಾರ, ಏಪ್ರಿಲ್ 2ರ ಸಂಜೆ, ಗುರುಗಳು ಮೇಲಿನ ಪೂಜಾವಸ್ತ್ರ ತೆಗೆದಿಟ್ಟು, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಮಂಡಿಯೂರಿ ಜನರ ಕಾಲು ತೊಳೆಯುತ್ತಾರೆ. ಮೊದಲೆಲ್ಲ ಗಂಡಸರ ಕಾಲು ಮಾತ್ರ. 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ನಿಯಮ ಬದಲಿಸಿದರು. ಅದು ನನಗೆ ತುಂಬಾ ಸಮಾಧಾನ ಕೊಟ್ಟ ಬದಲಾವಣೆ. ಅದೇ ಪೂಜೆಯಲ್ಲಿ ಮಹಿಮಾ ಗೀತೆಗೆ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತವೆ. ಆಮೇಲೆ ನಿಲ್ಲುತ್ತವೆ. ಪೂಜೆ ಮುಗಿದ ಮೇಲೆ ಪೀಠದ ಬಟ್ಟೆಯನ್ನೂ ತೆಗೆಯುತ್ತಾರೆ. ಬರೀ ಕಲ್ಲೋ ಮರವೋ ಉಳಿಯುತ್ತದೆ. ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಇಡುವ ಪೆಟ್ಟಿಗೆ ಖಾಲಿ, ಬಾಗಿಲು ತೆರೆದೇ ಇರುತ್ತದೆ. ಚಿಕ್ಕವಳಿದ್ದಾಗ ಅದನ್ನು ನೋಡಿ ಹೆದರಿ ಅಜ್ಜಿಯ ಸೆರಗು ಹಿಡಿದಿದ್ದೆ. ಸಾವಾದ ಮನೆಯ ಹಾಗೆ ಕಾಣುತ್ತಿತ್ತು.

ಮೈಸೂರು ಕಡೆಯ ನಮ್ಮ ಊರಲ್ಲಿ ದಿನಕ್ಕೆ ಮೂರು ಸಲ ಗಂಟೆ ಕೇಳಿಯೇ ಹೊತ್ತು ಗೊತ್ತಾಗುತ್ತಿದ್ದದ್ದು. ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರ ಅದಿಲ್ಲ. ಹುಡುಗರು ಮರದ ಗಿಲಕಿ ತಿರುಗಿಸುತ್ತಾ ಬೀದಿ ಬೀದಿಗೆ ಬಂದು, ಯೇಸುವಿನ ಕೊನೆಯ ನಡಿಗೆಯನ್ನು ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆಗೆ ಕರೆಯುತ್ತಿದ್ದರು. ಕಟಕಟ ಅನ್ನುವ ಒಣ ಸದ್ದು. ಮನೆಯಲ್ಲಿ ಒಂದು ಹೊತ್ತು ಗಂಜಿ, ಉಪ್ಪಿನಕಾಯಿ. ಆ ದಿನ ಲೋಕದ ಯಾವ ಕಥೋಲಿಕ ಚರ್ಚಲ್ಲೂ ಬಲಿಪೂಜೆ (ಮಾಸ್) ಇಲ್ಲ. ಗುರುಗಳು ಒಂದು ಮಾತೂ ಆಡದೆ ಬಂದು, ಬರಿದಾದ ಪೀಠದ ಮುಂದೆ ನೆಲದ ಮೇಲೆ ಬೋರಲು ಮಲಗುತ್ತಾರೆ.

ಶನಿವಾರ ರಾತ್ರಿ ಕತ್ತಲಲ್ಲಿ, ಚರ್ಚಿನ ಹೊರಗೆ ಹೊಸ ಬೆಂಕಿ. ಅದರಿಂದ ಪಾಸ್ಖ ಮೊಂಬತ್ತಿ. ಅದರ ಮೇಲೆ ಶಿಲುಬೆ, ವರ್ಷದ ನಾಲ್ಕು ಅಂಕಿ, ಯೇಸುವಿನ ಐದು ಗಾಯಗಳಿಗೆ ಐದು ಧೂಪದ ಕಾಳು. ಆ ಒಂದು ಕುಡಿಯಿಂದ ಎಲ್ಲರ ಕೈಯ ಬತ್ತಿಗೂ ಬೆಳಕು. ಬಹಳ ಕಾಲ ಇದನ್ನು ಶನಿವಾರ ಬೆಳಗ್ಗೆ, ಹಗಲಲ್ಲೇ ಮಾಡುತ್ತಿದ್ದರು. 1951ರಲ್ಲಿ ಪೋಪ್ 12ನೇ ಪಿಯುಸ್ ಮತ್ತೆ ರಾತ್ರಿಗೆ ತಂದರು. ಹಗಲಲ್ಲಿ ಮೊಂಬತ್ತಿ ಹಚ್ಚಿದರೆ ಏನು ಕಾಣುತ್ತೆ, ಅಲ್ವಾ?

ಆಮೇಲೆ ಉದ್ದ ಉದ್ದದ ವಾಚನಗಳು. ಮಕ್ಕಳು ತೂಕಡಿಸುತ್ತಾರೆ. ಆಗ ಮಹಿಮಾ ಗೀತೆ ಶುರುವಾಗಿ, ಎರಡು ದಿನ ಸುಮ್ಮನಿದ್ದ ಗಂಟೆಗಳೆಲ್ಲ ಬಾರಿಸುತ್ತವೆ. ಹೂವು ಬರುತ್ತವೆ. 40 ದಿನ ಬಾಯಿಗೆ ಬಾರದಿದ್ದ ಅಲ್ಲೆಲೂಯ ಬರುತ್ತದೆ. ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ.

ಏಪ್ರಿಲ್ 4ರ ರಾತ್ರಿ ಬನ್ನಿ. ಮೆಲ್ಬರ್ನಿನಲ್ಲಿ ಆಗ ಶರತ್ಕಾಲ, ಬೆಂಕಿಯ ಹತ್ತಿರ ನಿಂತರೂ ಚಳಿ ಇರುತ್ತದೆ, ಸ್ವೆಟರ್ ತನ್ನಿ. ಮೊಂಬತ್ತಿ ಬಾಗಿಲಲ್ಲೇ ಕೊಡುತ್ತಾರೆ. ಮನೆಗೆ ಹೋಗಿ ಮಲಗುವ ಮುಂಚೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ಈ ಸಲ ಪಾಸ್ಖ ಜಾಗರಣೆ, ಡೇಲೈಟ್ ಸೇವಿಂಗ್ ಮುಗಿಯುವುದು ಎರಡೂ ಒಂದೇ ರಾತ್ರಿ.

— ಸಂಪಾದಕಿ